ನಿಮ್ಮ ಕತೆ ಇರೋದು ಎಂಟನೇ ಪುಟದಲ್ಲಿ

ನಮಸ್ಕಾರ.

ಎಡ್ ವಿನ್ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟದ ಲೇಖನ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಅಮೆರಿಕದ ವಾಡೆವಿಲ್ ರಂಗದಿಂದ ಬಂದು ರೇಡಿಯೋ, ಟಿವಿ, ಸಿನಿಮಾ ಎಲ್ಲವನ್ನೂ ಕಂಡ ಈ ಹಾಸ್ಯನಟನನ್ನು ಕನ್ನಡದವರಿಗೆ ಪರಿಚಯಿಸಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದು ನನಗೆ ತುಂಬ ಹಿಡಿಸಿತು. ಹಾಗಾಗಿ ಬಿಚ್ಚಿ ಹೇಳುತ್ತೇನೆ.

ನಿಮ್ಮ ಲೇಖನ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಗಿ 1966ರಲ್ಲಿ ಅವರ ಸಾವಿನೊಂದಿಗೆ ಮುಗಿಯುತ್ತದೆ. ನಡುವೆ ಒಂದೊಂದು ಘಟ್ಟಕ್ಕೆ ಒಂದೊಂದು ಪ್ಯಾರಾ. ಎಲ್ಲಕ್ಕೂ ಒಂದೇ ಅಳತೆ. 1956ರ ಒಂದು ಟಿವಿ ನಾಟಕಕ್ಕೆ ಮಾತ್ರ ನಾಲ್ಕೇ ಸಾಲು, ಅದೂ ಎಂಟನೇ ಪುಟದಲ್ಲಿ. ನಿಮ್ಮ ಕತೆ ಇರೋದೇ ಅಲ್ಲಿ.

'ಪ್ಲೇಹೌಸ್ 90' ಅಂದರೆ ಅಮೆರಿಕದ ಟಿವಿ ವಾಹಿನಿ ಸಿಬಿಎಸ್‌ನಲ್ಲಿ ಬರುತ್ತಿದ್ದ ತೊಂಬತ್ತು ನಿಮಿಷದ ನಾಟಕಗಳ ಸರಣಿ. ನೇರಪ್ರಸಾರ. ಮಾತು ತಪ್ಪಿದರೆ ಎರಡನೇ ಟೇಕ್ ಇಲ್ಲ. 1956ರ ಅಕ್ಟೋಬರ್ 11ರಂದು ಅದರಲ್ಲಿ ಪ್ರಸಾರವಾದದ್ದು ರಾಡ್ ಸರ್ಲಿಂಗ್ ಬರೆದ 'ರೆಕ್ವಿಯಂ ಫಾರ್ ಎ ಹೆವಿವೇಟ್'. ಹೊಡೆತ ತಿಂದು ತಿಂದು ಮುಗಿದುಹೋದ ಬಾಕ್ಸರ್ ಆಗಿ ಜ್ಯಾಕ್ ಪ್ಯಾಲೆನ್ಸ್. ಅವನ ಮ್ಯಾನೇಜರ್ ಆಗಿ ಎಡ್ ವಿನ್ ಅವರ ಮಗ ಕೀನನ್. ಬಾಕ್ಸರ್‌ನ ಗಾಯಕ್ಕೆ ಮದ್ದು ಹಚ್ಚುವ ಮುದುಕನಾಗಿ ಎಡ್ ವಿನ್. ಆಗ ಅವರಿಗೆ 69. ಗಂಭೀರ ಪಾತ್ರ ಮಾಡಿ ಅಂತ ಅಪ್ಪನಿಗೆ ದುಂಬಾಲು ಬಿದ್ದವನೂ ಮಗನೇ.

ರಿಹರ್ಸಲ್‌ನಲ್ಲಿ ಅಪ್ಪ ಮಾತು ಮರೆತರು, ತಡವರಿಸಿದರು. ವರ್ಷಗಟ್ಟಲೆ ಮೈಗೂಡಿದ್ದ ಹಾಸ್ಯದ ಚೇಷ್ಟೆಗಳು ಬೇಡವೆಂದರೂ ನುಗ್ಗುತ್ತಿದ್ದವು. ಇವರನ್ನು ಬದಲಿಸಿಬಿಡೋಣ ಅನ್ನುವ ಮಾತು ಬಂತು. ನೆಡ್ ಗ್ಲಾಸ್ ಅನ್ನುವ ನಟನಿಗೆ ಒಂದು ಸಣ್ಣ ಪಾತ್ರ ಕೊಟ್ಟು, ಒಳಗೊಳಗೇ ಎಡ್ ವಿನ್ ಅವರ ಪಾತ್ರಕ್ಕೂ ತಯಾರು ಮಾಡಿ ಇಟ್ಟುಕೊಂಡಿದ್ದರು. ಇದೆಲ್ಲ ನಡೆಯುವಾಗ ಮಗ ಅಲ್ಲೇ ಇದ್ದಾನೆ. ನೋಡುತ್ತಿದ್ದಾನೆ.

ನೀವು ಇದನ್ನು ಹೇಗೆ ಬರೆದಿದ್ದೀರಿ? 'ಆರಂಭಿಕ ಅಡಚಣೆಗಳನ್ನು ಮೀರಿ ಅವರು ಅಮೋಘ ಅಭಿನಯ ನೀಡಿದರು.' ಯಾವ ಅಡಚಣೆ? ಯಾರಿಗೆ ಹೆದರಿಕೆ? ಓದುಗರಿಗೆ ಇದು ಗೊತ್ತಾಗದಿದ್ದರೆ ಪ್ರಸಾರದ ರಾತ್ರಿ ಅವರು ಗೆದ್ದದ್ದು ಯಾಕೆ ದೊಡ್ಡದು ಅಂತಲೂ ಗೊತ್ತಾಗುವುದಿಲ್ಲ. ಇಲ್ಲಿ ನಿಲ್ಲಿ. ಎರಡು ಪುಟ ಬರೆಯಿರಿ.

ಆ ರಿಹರ್ಸಲ್ ಕೋಣೆ ಮುಂದೆ ಬಂದುಬಿಟ್ಟರೆ ಹಿಂದಿನದರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ನಿಮಗೇ ಹೊಳೆಯುತ್ತದೆ. ಎದುರಿಗೆ ನಗುವ ಜನ ಇಲ್ಲದೆ ಈ ಮನುಷ್ಯನಿಗೆ ಕೈಕಾಲೇ ಆಡುತ್ತಿರಲಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಲೇಖನದಲ್ಲೇ ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. 1913ರಲ್ಲಿ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರ್ ಶುರುವಾದ ದಿನದ ಕಾರ್ಯಕ್ರಮದಲ್ಲಿ ಅವರಿದ್ದರು, ರಾಜನನ್ನು ನಗಿಸಬೇಕಾದ ವಿದೂಷಕನಾಗಿ. 1932ರಲ್ಲಿ ಟೆಕ್ಸಾಕೋ ಕಂಪನಿಯ ರೇಡಿಯೋ ಕಾರ್ಯಕ್ರಮ ಮಾಡುವಾಗ ಸ್ಟುಡಿಯೋದಲ್ಲಿ ಪ್ರೇಕ್ಷಕರು ಬೇಕೇ ಬೇಕು ಅಂತ ಹಟ ಹಿಡಿದರು. ವೇಷ ತೊಟ್ಟು, ಬಣ್ಣ ಹಚ್ಚಿಕೊಂಡೇ ಮೈಕ್ ಮುಂದೆ ನಿಂತರು. ರೇಡಿಯೋದಲ್ಲಿ ವೇಷ! ನೀವು ಇದನ್ನು 'ಸ್ವಾರಸ್ಯಕರ ಸಂಗತಿ' ಅಂತ ಕರೆದು ಮುಂದೆ ಹೋಗಿದ್ದೀರಿ. ಇದು ಬರೀ ಸ್ವಾರಸ್ಯ ಅಲ್ಲ, ಅಲ್ವಾ? 24 ವರ್ಷ ಬಿಟ್ಟು ಆಗಲಿರುವ ಫಜೀತಿಯ ಬೇರು ಇಲ್ಲೇ ಇದೆ.

ಟೋಪಿಯ ವಿಷಯವೂ ಹಾಗೆಯೇ. ಎಡ್ ವಿನ್ ಅವರ ಅಪ್ಪ ಹೆಂಗಸರ ಟೋಪಿ ಮಾಡಿ ಮಾರುತ್ತಿದ್ದರು ಅಂತ ಮೊದಲ ಪುಟದಲ್ಲಿದೆ. ಮಗ ತಲೆಗೆ ಕೂರದ ಪುಟಾಣಿ ಟೋಪಿ ಹಾಕಿಕೊಂಡು ಜನರನ್ನು ನಗಿಸಿದರು ಅಂತ ನಾಲ್ಕನೇ ಪುಟದಲ್ಲಿದೆ. ಮನೆಯವರಿಗೆ ಮುಜುಗರ ಆಗದಿರಲಿ ಅಂತ ಎಡ್ವಿನ್ ಅನ್ನುವ ನಡುಹೆಸರನ್ನು ಎರಡು ತುಂಡು ಮಾಡಿ ಎಡ್ ವಿನ್ ಆದರು ಅನ್ನುವುದು ಆರನೇ ಪುಟದಲ್ಲಿ. ಈ ಮೂರನ್ನೂ ಒಂದೇ ಕಡೆ ತನ್ನಿ. ವಿವರಣೆ ಬೇಡ. ಪಕ್ಕಪಕ್ಕ ಇಟ್ಟರೆ ಸಾಕು.

ನನಗೆ ತುಂಬ ಇಷ್ಟವಾದ ಜಾಗ ಒಂದಿದೆ. ಜೋಳದ ತೆನೆ ತಿನ್ನಲು ಅವರು ಮಾಡಿದ ಯಂತ್ರ. ಟೈಪ್‌ರೈಟರಿನಲ್ಲಿ ಕಾಗದ ಕೂರುವ ಜಾಗದಲ್ಲಿ ತೆನೆ ಕೂರಿಸಿ, ಕಾಗದ ಸರಿಯುವ ಹಾಗೆ ತೆನೆಯನ್ನೇ ಸರಿಸುತ್ತ ಸಾಲು ಸಾಲಾಗಿ ತಿನ್ನುವುದು. ನೀವು ಅದನ್ನು ಹಾಗೇ ಕಣ್ಣಿಗೆ ಕಟ್ಟಿಸಿದ್ದೀರಿ, ಒಂದೂ ವಿಶೇಷಣ ಇಲ್ಲದೆ. ಓದುತ್ತ ನಕ್ಕುಬಿಟ್ಟೆ. ನಿಮಗೆ ಬರೆಯೋಕೆ ಬರುತ್ತದೆ ಅಂತ ನನಗೆ ನಂಬಿಕೆ ಬಂದದ್ದು ಅಲ್ಲೇ. 'ನಗುವಿನ ಮುಖವಾಡದ ಹಿಂದೆ ಕಣ್ಣೀರಿತ್ತು' ಅನ್ನುವ ಸಾಲು ಮೂರು ಕಡೆ ಬಂದಿದೆ. ಮೂರನ್ನೂ ಹೊಡೆದುಹಾಕಿ. ಆ ಸಾಲು ಯಾವ ಹಾಸ್ಯನಟನಿಗೆ ಬೇಕಾದರೂ ಹೊಂದುತ್ತದೆ. ತೆನೆ ಯಂತ್ರ ಇವರೊಬ್ಬರದು.

ವಾಡೆವಿಲ್ ಅನ್ನು ನೀವು 'ಅಮೆರಿಕದ ಕಂಪನಿ ನಾಟಕ' ಅಂದಿದ್ದೀರಿ. ಅದು ದಾರಿ ತಪ್ಪಿಸುತ್ತದೆ. ನಮ್ಮ ಕಂಪನಿ ನಾಟಕದಲ್ಲಿ ಕತೆ ಇರುತ್ತದೆ, ಹಾಸ್ಯ ಅದರೊಳಗೆ ಬರುತ್ತದೆ. ವಾಡೆವಿಲ್‌ನಲ್ಲಿ ಕತೆಯೇ ಇಲ್ಲ. ಹಾಡುವವರು, ದೊಂಬರಾಟದವರು, ಜಾದೂಗಾರರು, ಪಳಗಿಸಿದ ನಾಯಿ, ನಡುವೆ ಹಾಸ್ಯದವರು. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಅಷ್ಟರಲ್ಲಿ ಜನ ನಗಲಿಲ್ಲ ಅಂದರೆ ಮುಗೀತು. ಅಂಥಲ್ಲಿ ಪಳಗಿದವರಿಗೆ ತೊಂಬತ್ತು ನಿಮಿಷದ ಮೌನ ಎಷ್ಟು ಭಾರವಾಗಿರಬೇಕು ಯೋಚಿಸಿ.

ಒಂದು ತಪ್ಪು ತಿದ್ದಲೇಬೇಕು. 'ದಿ ಡೈರಿ ಆಫ್ ಆ್ಯನ್ ಫ್ರ್ಯಾಂಕ್' (1959) ಚಿತ್ರಕ್ಕೆ ಅವರಿಗೆ ಆಸ್ಕರ್ ಬರಲಿಲ್ಲ. ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ ಆಯಿತು, ಪ್ರಶಸ್ತಿ 'ಬೆನ್-ಹರ್' ಚಿತ್ರದ ಹ್ಯೂ ಗ್ರಿಫಿತ್ ಅವರಿಗೆ ಹೋಯಿತು. 1949ರ ಟಿವಿ ಕಾರ್ಯಕ್ರಮಕ್ಕೆ ಟಿವಿಯವರ ಎಮ್ಮಿ ಪ್ರಶಸ್ತಿ ಬಂದದ್ದು ಸರಿ, ಅದನ್ನು ಹಾಗೇ ಬಿಡಿ. 'ಮೇರಿ ಪಾಪಿನ್ಸ್' ಬಗ್ಗೆ ಒಂದೂವರೆ ಪುಟ ಜಾಸ್ತಿಯಾಯಿತು. ನಕ್ಕು ನಕ್ಕು ಗಾಳಿಯಲ್ಲಿ ತೇಲುವ ಅಂಕಲ್ ಆಲ್ಬರ್ಟ್ ಪಾತ್ರಕ್ಕೆ ಒಂದು ಪ್ಯಾರಾ ಸಾಕು.

ಮತ್ತೆ, ನೀವು ಪೂರ್ತಿ ಬಿಟ್ಟಿರುವ ಸಂಗತಿ ಒಂದಿದೆ. 1956ರ ಆ ನಾಟಕವನ್ನು ನಿರ್ದೇಶಿಸಿದ ರಾಲ್ಫ್ ನೆಲ್ಸನ್, ರಿಹರ್ಸಲ್‌ನ ಆ ದಿನಗಳನ್ನೇ ಕತೆ ಮಾಡಿ 1960ರಲ್ಲಿ 'ದಿ ಮ್ಯಾನ್ ಇನ್ ದಿ ಫನ್ನಿ ಸೂಟ್' ಅನ್ನುವ ಟಿವಿ ನಾಟಕ ಮಾಡಿದರು. ಅದರಲ್ಲಿ ಅಪ್ಪನ ಪಾತ್ರ ಅಪ್ಪನೇ ಮಾಡಿದರು, ಮಗನ ಪಾತ್ರ ಮಗನೇ. ತಾನು ಸೋಲುವ ಹಂತಕ್ಕೆ ಬಂದಿದ್ದ ದಿನಗಳನ್ನು ಆ ಮನುಷ್ಯ 73ನೇ ವಯಸ್ಸಿನಲ್ಲಿ ಎಲ್ಲರೆದುರು ಮತ್ತೆ ಆಡಿ ತೋರಿಸಿದರು. ಅದನ್ನು ನೋಡಿ, ಆಮೇಲೆ ಬರೆಯಲು ಕೂರಿ.

ಹನ್ನೊಂದು ಪುಟ ಮತ್ತೆ ಕಳಿಸಬೇಡಿ. ಮೊದಲು ರಿಹರ್ಸಲ್‌ನ ಎರಡು ಪುಟ ಬರೆದು ಕಳಿಸಿ. ನಾನೇ ಓದಿ ವಾರದೊಳಗೆ ಉತ್ತರ ಬರೆಯುತ್ತೇನೆ.

ಇಂತಿ,
ಸಂಪಾದಕ