ಶಿಯಾನ್‌ಗೆ ಒಂದು ಹಗಲು ಸಾಕೇ?

ಪತ್ರ: “ದಸರಾ ರಜೆಯಲ್ಲಿ ಮನೆಮಂದಿ ನಾಲ್ಕು ಜನ ಚೀನಾಕ್ಕೆ ಹೊರಟಿದ್ದೇವೆ. ಟೂರಿನವರು ಬೀಜಿಂಗ್, ಶಾಂಘೈ ನಡುವೆ ಶಿಯಾನ್‌ಗೆ ಒಂದು ಹಗಲು ಕೊಟ್ಟಿದ್ದಾರೆ. ಮಣ್ಣಿನ ಸೈನಿಕರನ್ನು ನೋಡಿ ಬಂದರೆ ಸಾಕಲ್ವಾ? ಆ ಊರಲ್ಲಿ ಬೇರೇನಿದೆ? ನಾವು ಸಸ್ಯಾಹಾರಿಗಳು ಬೇರೆ.” – ಓದುಗರು, ಧಾರವಾಡ

ಉತ್ತರ: ಸಾಲದು. ಆ ಸೈನಿಕರಿರುವುದು ಶಿಯಾನ್ ಪೇಟೆಯಲ್ಲಲ್ಲ. ಅಲ್ಲಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದ ಲಿನ್‌ಟಾಂಗ್‌ನಲ್ಲಿ. ಹೋಗಿ ಬರುವುದು, ಸಾಲು, ನೂಕುನುಗ್ಗಲು ಎಲ್ಲ ಸೇರಿ ನಿಮ್ಮ ಹಗಲು ಅಲ್ಲೇ ಮುಗಿಯುತ್ತದೆ. ಟೂರಿನವರ ಲೆಕ್ಕದಲ್ಲಿ ನೀವು ಶಿಯಾನ್ ನೋಡಿದ ಹಾಗೆ. ನಿಜವಾಗಿ ನೋಡಿರುವುದು ಅದರ ರೈಲ್ವೆ ಸ್ಟೇಷನ್ ಅಷ್ಟೇ.

ಹಾಗಂತ ಸೈನಿಕರನ್ನು ಬಿಡಿ ಎನ್ನುತ್ತಿಲ್ಲ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ ಪಡೆ ಅದು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯ ಕಾವಲಿಗೆಂದು ಮಾಡಿಸಿದ್ದು. ಸೈನಿಕರನ್ನು ಅಗೆದು ತೆಗೆದ ಒಂದನೇ ಗುಂಡಿಯ ಮುಂಭಾಗದಲ್ಲಿ ಎಲ್ಲರೂ ಫೋಟೋಗೆ ಮುಗಿಬೀಳುತ್ತಾರೆ. ನೀವು ಅದೇ ಕಟ್ಟಡದ ಹಿಂಭಾಗದ ತನಕ ನಡೆಯಿರಿ. ಒಡೆದ ಕೈ, ಕಾಲು, ತಲೆಗಳನ್ನು ಜೋಡಿಸುವ ಕೆಲಸ ಅಲ್ಲಿ ನಡೆಯುತ್ತಿರುತ್ತದೆ. ಈ ಸೈನಿಕರಿಗೆಲ್ಲ ಒಂದು ಕಾಲಕ್ಕೆ ಬಣ್ಣವಿತ್ತು. ಹೊರಗಿನ ಒಣಗಾಳಿ ತಗುಲಿದ ಸ್ವಲ್ಪ ಹೊತ್ತಿಗೇ ಬಣ್ಣದ ಕೆಳಗಿನ ಪದರ ಸುರುಟಿಕೊಂಡು ಉದುರಿಹೋಯಿತು. ಚಕ್ರವರ್ತಿಯ ಸಮಾಧಿಯ ದಿಬ್ಬವನ್ನು ಇನ್ನೂ ಅಗೆಯದೆ ಬಿಟ್ಟಿರುವುದಕ್ಕೆ ಇಂಥ ಭಯವೂ ಒಂದು ಕಾರಣ.

ಇನ್ನು ಊರಿನ ಮಾತು. ನಿಮಗೆ ಸಮಯವೇ ಇಲ್ಲ ಅಂದರೂ ದೊಡ್ಡ ಹೆಬ್ಬಾತು ಪಗೋಡವನ್ನು ಬಿಡಬೇಡಿ. ನಾವೆಲ್ಲ ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ ಇದ್ದಾನಲ್ಲ, ಅವನ ಊರು ಸೇರುವ ಕಥೆ ಇಲ್ಲಿದೆ. 645ರಲ್ಲಿ ಅವನು ಭಾರತದಿಂದ 657 ಗ್ರಂಥಗಳನ್ನು ಹೊತ್ತು ಇಲ್ಲಿಗೆ ಮರಳಿದ. ಆಗ ಈ ಊರಿನ ಹೆಸರು ಚಾಂಗ್ಆನ್, ತಾಂಗ್ ದೊರೆಗಳ ರಾಜಧಾನಿ. ಆ ಗ್ರಂಥಗಳನ್ನು ಇಡಲಿಕ್ಕೆಂದೇ 652ರಲ್ಲಿ ಪಗೋಡ ಕಟ್ಟಿದರು. ಮೊದಲು ಐದು ಅಂತಸ್ತು ಇತ್ತು, ಈಗ ಏಳು. ಮೇಲೆ ಹತ್ತುವ ಆತುರದಲ್ಲಿ ಜನ ಕೆಳಗಿನದನ್ನು ಮರೆಯುತ್ತಾರೆ. ದಕ್ಷಿಣ ಬಾಗಿಲಿನ ಎಡಬಲದ ಗೂಡುಗಳಲ್ಲಿ ಎರಡು ಕಲ್ಲಿನ ಶಾಸನಗಳಿವೆ. ಹ್ಯೂಯೆನ್ ತ್ಸಾಂಗ್‌ನ ಅನುವಾದದ ಕೆಲಸವನ್ನು ಹೊಗಳಿ ಇಬ್ಬರು ಚಕ್ರವರ್ತಿಗಳು ಬರೆದದ್ದು. 653ರಲ್ಲಿ ನಿಲ್ಲಿಸಿದ್ದು.

ಅವನೇ ನಮ್ಮ ಇಮ್ಮಡಿ ಪುಲಿಕೇಶಿಯ ನಾಡಿಗೂ ಬಂದಿದ್ದ. ಹರ್ಷನಿಗೂ ಬಗ್ಗದ ರಾಜ ಎಂದು ಬರೆದಿಟ್ಟ. ಆ ನಾಡಿನಲ್ಲಿ ಯುದ್ಧಕ್ಕೆ ಮುಂಚೆ ವೀರರೂ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು ಎಂಬುದನ್ನೂ ಬಿಡದೆ ದಾಖಲಿಸಿದ! ಧಾರವಾಡದವರು ನೀವು, ಬಾದಾಮಿ, ಐಹೊಳೆ ನೋಡಿಯೇ ಇರುತ್ತೀರಿ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ತನ್ನ ದೊರೆಯನ್ನು ಹೊಗಳಿದ. ಅವನು ಆಸ್ಥಾನದವನು, ಹೊಗಳದೆ ಏನು ಮಾಡಿಯಾನು? ಆದರೆ ಪರದೇಶದ ಸನ್ಯಾಸಿಗೆ ಆ ಹಂಗಿರಲಿಲ್ಲ. ಅದಕ್ಕೇ ಅವನ ಮಾತಿಗೆ ತೂಕ ಜಾಸ್ತಿ.

ಇನ್ನೊಂದು ದಿನ ಸಿಕ್ಕರೆ ಕೋಟೆಗೋಡೆ ಹತ್ತಿ. ಮಿಂಗ್ ದೊರೆಗಳು 1370ರ ದಶಕದಲ್ಲಿ ಕಟ್ಟಿಸಿದ್ದು, ಸುತ್ತಳತೆ 13.7 ಕಿ.ಮೀ. ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ಆದರೆ ನೆರಳಿಲ್ಲ, ಇಟ್ಟಿಗೆ ಹಾಸಿನ ಮೇಲೆ ಸೊಂಟಕ್ಕೂ ಸುಖವಿಲ್ಲ. ಮನೆಯ ಹಿರಿಯರು ದಕ್ಷಿಣ ಬಾಗಿಲ ಹತ್ತಿರ ಸುಮ್ನೆ ಅಡ್ಡಾಡಿದರೂ ಆಯಿತು. ಒಂದು ತಮಾಷೆ ನೋಡಿ: ತಾಂಗ್ ಕಾಲದಲ್ಲಿ ಊರೊಳಗಿದ್ದ ಪಗೋಡ ಈ ಗೋಡೆಯಿಂದ ಆಚೆ ಉಳಿದಿದೆ. ಹಳೆಯ ಊರು ಅಷ್ಟು ದೊಡ್ಡದಿತ್ತು.

ಊಟದ ಬಗ್ಗೆ ಹೆದರಬೇಡಿ. ‘ಮಾಂಸ ಬೇಡ’ ಅಂದರೆ ಮಾತ್ರ ಸಾಕಾಗುವುದಿಲ್ಲ, ಮಾಂಸದ ತುಂಡು ತೆಗೆದು ಅದೇ ಸಾರು ಬಡಿಸುತ್ತಾರೆ. ‘ಮಾಂಸ, ಮೀನು, ಮೂಳೆಸಾರು, ಹಂದಿಕೊಬ್ಬು ಯಾವುದೂ ಬೇಡ’ ಎಂದು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಯೊಪೊ ನೂಡಲ್ಸ್ ಕೇಳಿ. ಬೆಲ್ಟಿನಷ್ಟು ಅಗಲದ ಗೋಧಿ ನೂಡಲ್ಸ್ ಬೇಯಿಸಿ, ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಹಾಕಿ, ಕಾದ ಎಣ್ಣೆ ಸುರಿಯುತ್ತಾರೆ. ಚುಂಯ್ ಎಂದಾಗ ನಮ್ಮ ಒಗ್ಗರಣೆಯದೇ ನೆನಪು. ಲಿಯಾಂಗ್‌ಪಿ ಇನ್ನೊಂದು: ತಣ್ಣಗಿನ ನೂಡಲ್ಸ್, ಸೌತೆಕಾಯಿ, ವಿನೆಗರ್, ಮೆಣಸಿನೆಣ್ಣೆ. ಮುಸ್ಲಿಂ ಬೀದಿಯಲ್ಲಿ ಅಂಗಡಿ ಮುಂದೆಯೇ ಕುರಿ ಮಾಂಸ ನೇತುಹಾಕಿರುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಅದೇ ಪೇಟೆಯಲ್ಲಿರುವ ದೊಡ್ಡ ಮಸೀದಿಯ ಅಂಗಳಗಳಿಗಾಗಿಯಾದರೂ ಆ ಬೀದಿ ದಾಟಿ. ಗುಮ್ಮಟವಿಲ್ಲ, ಪೂರ್ತಿ ಚೀನೀ ಶೈಲಿಯ ಮಸೀದಿ.

ದುಡ್ಡಿಗೆ ಅಲಿಪೇ ಆ್ಯಪ್‌ಗೆ ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿಕೊಂಡೇ ಹೊರಡಿ. ಹೋಟೆಲ್ ವೈಫೈಯಲ್ಲಿ ಗೂಗಲ್, ವಾಟ್ಸಾಪ್ ನಡೆಯುವುದಿಲ್ಲ. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿದರೆ ನಡೆಯುತ್ತದೆ. ಟಿಕೆಟ್‌ಗೆಲ್ಲ ಪಾಸ್‌ಪೋರ್ಟ್ ಬೇಕು, ಕೈಯಲ್ಲೇ ಇರಲಿ.

ನನಗೆ ಚಿಂತೆಯಿರುವುದು ನಿಮ್ಮ ತಾರೀಕಿನದು. ಅಕ್ಟೋಬರ್ 1ರಿಂದ ಒಂದು ವಾರ ಚೀನಾದಲ್ಲಿ ರಾಷ್ಟ್ರೀಯ ರಜೆ, ದೇಶಕ್ಕೆ ದೇಶವೇ ಪ್ರವಾಸ ಹೊರಟಿರುತ್ತದೆ. ನಮ್ಮ ದಸರಾ ರಜೆ ಎಷ್ಟೋ ಸಲ ಅದರ ಮೇಲೇ ಬೀಳುತ್ತದೆ. ನಿಮ್ಮ ಟಿಕೆಟ್ ಆ ವಾರದ್ದೇ ಆಗಿದ್ದರೆ ಇವತ್ತೇ ಟೂರಿನವರಿಗೆ ಫೋನ್ ಮಾಡಿ ಒಂದು ವಾರ ಮುಂದೆ ಹಾಕಿಸಿ. ಹಾಗೆಯೇ ಶಾಂಘೈನಿಂದ ಎರಡು ದಿನ ಕಿತ್ತು ಶಿಯಾನ್‌ಗೆ ಕೊಡಿ ಎಂದೂ ಹೇಳಿ. ಗಗನಚುಂಬಿ ಕಟ್ಟಡ ಎಲ್ಲಿ ಬೇಕಾದರೂ ನೋಡಬಹುದು.

– ಸಂಪಾದಕ