ಮುಖ ಬರೆದರೆ ಹೋಲಿಕೆ ಬರುತ್ತಿಲ್ಲ, ಏನು ಮಾಡಲಿ?

ಮನೆಯವರ ಫೋಟೋ ನೋಡಿ ಪೆನ್ಸಿಲ್‌ನಲ್ಲಿ ಬರೆಯುತ್ತೀರಿ, ಶೇಡಿಂಗ್ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಯಾರು ಅಂತ ಗುರುತು ಸಿಗುವುದಿಲ್ಲ, ಚಿಕ್ಕಮಗಳೂರಿನಲ್ಲಿ ಹೇಳಿಕೊಡುವವರೂ ಸಿಕ್ಕಿಲ್ಲ ಅಂದಿದ್ದೀರಿ. ನಾನು ಹಾಸನದವನು. ಬಹಳ ವರ್ಷದಿಂದ ಮುಖಗಳನ್ನೇ ಬರೆಯುತ್ತಿದ್ದೇನೆ.

ಹೋಲಿಕೆ ಬರುವುದು ಶೇಡಿಂಗ್‌ನಿಂದಲ್ಲ, ಅಳತೆಯಿಂದ. ನೆತ್ತಿಯಿಂದ ಗದ್ದದವರೆಗೆ ಅಳೆದು ನೋಡಿ, ಕಣ್ಣು ಹೆಚ್ಚುಕಮ್ಮಿ ಸರಿ ಅರ್ಧಕ್ಕೆ ಬರುತ್ತದೆ. ಹೊಸಬರು ಹಣೆ, ತಲೆಗೆ ಜಾಗವೇ ಬಿಡದೆ ಕಣ್ಣನ್ನು ಮೇಲಕ್ಕೆ ಕೂರಿಸಿಬಿಡುತ್ತಾರೆ. ಎರಡು ಕಣ್ಣಿನ ಮಧ್ಯೆ ಸುಮಾರು ಇನ್ನೊಂದು ಕಣ್ಣಿನಷ್ಟು ಜಾಗ ಇರುತ್ತದೆ. ಆದರೆ ಇದೆಲ್ಲ ಬರೀ ಸರಾಸರಿ. ನಿಮ್ಮ ಅಮ್ಮನ ಮುಖ ಈ ಸರಾಸರಿಯಿಂದ ಎಲ್ಲಿ ಪಕ್ಕಕ್ಕೆ ಸರಿಯುತ್ತದೋ ಅಲ್ಲೇ ಅವರು ಇರುವುದು, ಅಲ್ವಾ? ಸೆಲ್ಫಿ ಮಾತ್ರ ಬೇಡ, ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಹೋಗುತ್ತದೆ. ಕಿಟಕಿ ಪಕ್ಕ ಕೂರಿಸಿ, ಆರೇಳು ಅಡಿ ದೂರದಿಂದ ಜೂಮ್ ಮಾಡಿ ತೆಗೆಯಿರಿ.

ಈಗ ಮುಖ್ಯವಾದ ಮಾತು. "ಚೆನ್ನಾಗಿದೆಯಾ?" ಅಂತ ಯಾರನ್ನೂ ಕೇಳಬೇಡಿ. ಮನೆಯವರು ಹೂಂ ಅಂತಾರೆ, ಅಲ್ಲಿಗೆ ಮುಗಿಯಿತು. ಚಿತ್ರ ಬರೆಯುವವರು ಇಬ್ಬರು ಮೂವರು ಸಾಕು, ಫೋಟೋ ಮತ್ತು ಚಿತ್ರ ಪಕ್ಕಪಕ್ಕ ಇಟ್ಟು "ಎಲ್ಲಿ ತಪ್ಪಿದೆ?" ಅಂತ ಕೇಳಿ. ಮೊನ್ನೆ ನಮ್ಮ ಗುಂಪಿಗೆ ಒಬ್ಬಳು ಹುಡುಗಿ ಅವಳ ಅಜ್ಜನ ಚಿತ್ರ ತಂದಿದ್ದಳು. ಅಳತೆ ಸರಿ ಇತ್ತು, ಆದರೂ ಅಜ್ಜ ಅಲ್ಲ. ಒಬ್ಬರು ಕಣ್ಣು ಅಂದರು, ಒಬ್ಬರು ಮೂಗು ಅಂದರು. ಕೊನೆಗೆ ಇನ್ನೊಬ್ಬರು ಸುಮ್ನೆ ಟ್ರೇಸಿಂಗ್ ಶೀಟ್ ಮೇಲಿಟ್ಟು ಎಡಗೆನ್ನೆಯ ಗೆರೆಯನ್ನು ಅಕ್ಕಿಕಾಳಿನಷ್ಟು ಹೊರಗೆ ಎಳೆದರು. ಫೋಟೋದಲ್ಲಿ ಅಜ್ಜನ ಬಾಯಲ್ಲಿ ಎಲೆಅಡಿಕೆ ಇತ್ತು, ಅವಳು ಎರಡೂ ಕೆನ್ನೆ ಸಮ ಮಾಡಿದ್ದಳು. ಆ ಒಂದು ಗೆರೆಗೆ ಅಜ್ಜ ಬಂದು ಕೂತರು. ಇಂಥ ಸಲಹೆ ಸಿಕ್ಕಾಗ ಹಳೆಯ ಹಾಳೆಯನ್ನು ತಿದ್ದುತ್ತಾ ಕೂರಬೇಡಿ, ಅದೇ ಮುಖವನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ.

ಬೆಳಕು ನೆರಳು ಕಲಿಯಲು ಒಂದು ಬೆಳಿಗ್ಗೆ ಹಳೇಬೀಡಿಗೆ ಹೋಗಿ. ಬಳಪದ ಕಲ್ಲಿಗೆ ಇರುವುದು ಒಂದೇ ಬಣ್ಣ, ಓರೆ ಬಿಸಿಲು ಬಿದ್ದಾಗ ಹಣೆ ಎಲ್ಲಿ ತಿರುಗುತ್ತದೆ, ಕೆನ್ನೆ ಎಲ್ಲಿ ಇಳಿಯುತ್ತದೆ ಅಂತ ಕಲ್ಲೇ ತೋರಿಸುತ್ತದೆ. ಬೇಲೂರು ನಿಮಗೆ ಇನ್ನೂ ಹತ್ತಿರ, ಸುಮಾರು 25 ಕಿಲೋಮೀಟರ್. ಅಲ್ಲಿನ ಮದನಿಕೆಯರಲ್ಲಿ ಕೆಲವರನ್ನು ಕೆತ್ತಿದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಹೆಸರು ಹಾಕಿದ್ದಾರೆ, ನೋಡಿದರೆ ಖುಷಿಯಾಗುತ್ತದೆ. ಆದರೆ ಶಿಲ್ಪದಲ್ಲಿ ಮುಖಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚು. ಹೋಲಿಕೆ ಹಿಡಿಯಲು ಬಸ್ ಸ್ಟ್ಯಾಂಡ್‌ನಲ್ಲಿ ಕಾಯುತ್ತಾ ಕೂತವರನ್ನೇ ಬರೆಯಬೇಕು. ಅವರ ಬಸ್ಸು ಬರುವುದರೊಳಗೆ ಎಷ್ಟು ಸಿಕ್ಕರೆ ಅಷ್ಟು.

ಭಾನುವಾರ ಬೆಳಿಗ್ಗೆ ನಾವು ಜಾಸ್ತಿ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಕೂತು ಬರೆಯುತ್ತಿರುತ್ತೇವೆ. ಈ ಕಡೆ ಬಂದರೆ ಅಮ್ಮನ ಚಿತ್ರ ತನ್ನಿ, ಫೋಟೋನೂ ಜೊತೆಗೆ ತನ್ನಿ.