ಇನ್ಸುಲಿನ್ ಬಗ್ಗೆ ಅಜ್ಜಿಗೆ ಮೊದಲು ಏನು ಹೇಳಿಕೊಡಲಿ?

ಓದಲು ಬಾರದ ಅಜ್ಜಿ ನಾಳೆ ಡಿಸ್ಚಾರ್ಜ್, ಇನ್ಸುಲಿನ್ ಬಗ್ಗೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನಾದರೆ ಸಿರಿಂಜ್‌ನಿಂದಲೇ ಶುರು ಮಾಡುತ್ತೇನೆ.

ನಮ್ಮಲ್ಲಿ ಬಾಟಲಿ ಎರಡು ಥರ ಸಿಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್! ಅಜ್ಜಿಗೆ ಈ ಲೆಕ್ಕ ಬೇಡ. ಅವರ ಸಿರಿಂಜನ್ನು ಕೈಗೆ ಕೊಟ್ಟು, ಅಂಗಡಿಯಲ್ಲಿ ಬೇರೆ ಬಣ್ಣದ್ದು ಕೊಟ್ಟರೆ ತಗೋಬೇಡಿ ಅನ್ನಿ. ಮನೆಯವರಿಗೂ ಹೇಳಿ.

ಆಮೇಲೆ, ಅರ್ಥ ಆಯ್ತಾ ಅಂತ ಸುಮ್ನೆ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ಅಜ್ಜಿ, ಮನೇಲಿ ಹೇಗೆ ತಗೋತೀರಿ, ಒಂದ್ಸಲ ತೋರಿಸಿ" ಅನ್ನಿ. ನಮ್ಮ ವಾರ್ಡಿನಲ್ಲಿ ಒಬ್ಬರು ಎಲ್ಲದಕ್ಕೂ ಹೂಂ ಅಂದಿದ್ದರು. ತೋರಿಸಿ ಅಂದಾಗ ಬಾಟಲಿಯನ್ನು ಕೆಮ್ಮಿನ ಸಿರಪ್ ಥರ ಗಡಗಡ ಕುಲುಕಿದರು. ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ದೀಪದ ಬತ್ತಿ ಹೊಸೆದ ಹಾಗೆ ಅಂದೆ, ತಕ್ಷಣ ಹಿಡಿತಕ್ಕೆ ಬಂತು.

ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಲಿ. ಚುಚ್ಚಿಕೊಂಡ ಮೇಲೆ ಊಟ ಬಿಡುವಂತಿಲ್ಲ. ಏಕಾದಶಿ ಉಪವಾಸ ಮಾಡ್ತಾರಾ ಅಂತ ತಪ್ಪದೆ ಕೇಳಿ. ಮಾಡುವುದಾದರೆ ಡಾಕ್ಟರ ಹತ್ತಿರ ಇವತ್ತೇ ಮಾತಾಡಿಸಿ.

ಮನೆಯಲ್ಲಿ ಫ್ರಿಜ್ ಇದೆಯಾ? ಇಲ್ಲದಿದ್ದರೆ ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ನೀರಿರುವ ಮಣ್ಣಿನ ಮಡಕೆಯಲ್ಲಿ ನೆರಳಲ್ಲಿ ಇಡಲಿ.